ಜುಲೈ ಜ್ವರ, ಅಕ್ಟೋಬರ್ ಕೂದಲು: ಒಂದು ಪ್ರಕರಣ

ಅಕ್ಕನ ಮಗಳು ನಮ್ಮ ಮನೆಗೆ ಬಂದವಳೇ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಊಟದ ಮೇಜಿನ ಮೇಲಿಟ್ಟಳು. ಒಳಗೆ ಕೂದಲು. ಒಂದು ಸಲ ತಲೆಸ್ನಾನ ಮಾಡಿದಾಗ ಬಚ್ಚಲ ಜಾಲರಿಯಲ್ಲಿ ಸಿಕ್ಕಿದ್ದು. "ಎಣಿಸಿದೀನಿ ಚಿಕ್ಕಮ್ಮ. ನಾನೂರ ಮೂವತ್ತು" ಅಂದಳು. ನಮ್ಮ ಮನೆಯವರು ಮೊಸರನ್ನದ ತಟ್ಟೆ ಅಲ್ಲೇ ಬಿಟ್ಟು ಎದ್ದು ಹೋದರು.

ಅವಳನ್ನು ಇಲ್ಲಿ ಪುಟ್ಟಿ ಅನ್ನುತ್ತೇನೆ. ವಯಸ್ಸು 26. ಊರು ತಿಪಟೂರು, ಕೆಲಸ ಬೆಂಗಳೂರಿನಲ್ಲಿ, ವಾಸ ಸರ್ಜಾಪುರ ರಸ್ತೆ ಕಡೆಯ ಒಂದು ಪಿಜಿಯಲ್ಲಿ. ನಾನು ಮೈಸೂರಿನಲ್ಲಿ ರಕ್ತಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಡಾಕ್ಟರ್ ಅಲ್ಲ. ಆದರೆ ಈ ಪ್ರಕರಣದ ಒಂದು ಮುಖ್ಯ ತಿರುವು ಲ್ಯಾಬ್ ರಿಪೋರ್ಟಿನಲ್ಲೇ ಇತ್ತು. ಅದನ್ನು ನಾನೇ ಮೊದಲ ನೋಟಕ್ಕೆ ಹಿಡಿಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಪುಟ್ಟಿಯ ಒಪ್ಪಿಗೆ ಇದೆ. "ಬರಿ, ಆದ್ರೆ ಫೋಟೋ ಹಾಕ್ಬೇಡ" ಅಂದಿದ್ದಾಳೆ.

ಮೊದಲು ಬೈಸಿಕೊಂಡದ್ದು ನೀರು

2024ರ ದಸರಾ ರಜೆಯಲ್ಲಿ ಊರಿಗೆ ಹೋದಾಗ ಮೊದಲು ಗಮನಿಸಿದವಳು ಅಕ್ಕ. ದಿಂಬಿನ ಮೇಲೆ ಕೂದಲು. ಬಾಚಣಿಗೆಯಲ್ಲಿ ಉಂಡೆ ಉಂಡೆ. ಕಸ ಗುಡಿಸಿದರೆ ಮೊರದ ತುಂಬ ಅದೇ. ದೀಪಾವಳಿ ಹೊತ್ತಿಗೆ ಇನ್ನೂ ಜಾಸ್ತಿಯಾಯಿತು. ನರಕ ಚತುರ್ದಶಿ ಬೆಳಗ್ಗೆ ಅಕ್ಕ ತಲೆಗೆ ಎಣ್ಣೆ ಒತ್ತುತ್ತಿದ್ದರೆ ಬೆರಳ ಸಂದಿಯಲ್ಲೇ ಎಳೆಗಳು ಬಂದವಂತೆ. ಹಂಡೆ ನೀರು ಕಾಯುತ್ತಿತ್ತು, ತಾಯಿ ಮಗಳು ಬಚ್ಚಲಲ್ಲಿ ಅಳುತ್ತಿದ್ದರು. ಅವತ್ತೇ ನನಗೆ ಫೋನ್ ಬಂತು.

"ನೋಡೇ, ಇವಳ ತಲೆ ಬರಿದಾಗ್ತಿದೆ. ಗಂಡಿನ ಕಡೆಯವ್ರು ಬರೋ ಹೊತ್ತಿಗೆ ಹಿಂಗಾಯ್ತಲ್ಲ. ಆ ಬೆಂಗ್ಳೂರು ನೀರು ಕಣೇ, ಅದೇ ಹಾಳು ಮಾಡಿದ್ದು."

ನೀರಿನ ಮೇಲೆ ಅನುಮಾನ ಬರುವುದು ಸಹಜ. ಊರಂಚಿನ ಪಿಜಿಗಳಲ್ಲಿ ಬೋರ್‌ವೆಲ್ ಇಲ್ಲವೇ ಟ್ಯಾಂಕರ್ ನೀರೇ ಗತಿ. ಬಕೆಟ್ ಅಂಚಿಗೆ ಬಿಳಿ ಕರೆ ಕಟ್ಟುತ್ತದೆ. ಸೋಪು ಎಷ್ಟು ಉಜ್ಜಿದರೂ ನೊರೆ ಬರುವುದಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಜಾಸ್ತಿ ಇರುವ ಗಡಸು ನೀರು ಅದು. ಆ ಲವಣ ಕೂದಲ ಮೇಲೆ ಕೂತರೆ ಕೂದಲು ಒರಟಾಗುತ್ತದೆ, ಸಿಕ್ಕು ಕಟ್ಟುತ್ತದೆ, ಬಾಚುವಾಗ ತುಂಡಾಗುತ್ತದೆ. ಆದರೆ ನಮ್ಮ ಕಣ್ಣಿಗೆ ಕಾಣುವ ಕೂದಲು ಉಗುರಿನ ಹಾಗೆ ಸತ್ತ ವಸ್ತು. ಬೇರಿರುವುದು ಚರ್ಮದ ಒಳಗೆ. ಅದಕ್ಕೆ ಊಟ ಹೋಗುವುದು ರಕ್ತದಿಂದ, ಬಕೆಟ್ಟಿನಿಂದಲ್ಲ.

ಇನ್ನೊಂದು ಮಾತು. ಪುಟ್ಟಿ ಆ ಪಿಜಿ ಸೇರಿ ಎರಡು ವರ್ಷವಾಗಿತ್ತು. ಎರಡು ವರ್ಷವೂ ಅದೇ ನೀರು. ಪಕ್ಕದ ಮಂಚದ ಹುಡುಗಿಯೂ ಅದರಲ್ಲೇ ಸ್ನಾನ ಮಾಡುತ್ತಿದ್ದಳು, ಅವಳ ಜಡೆ ಹಾಗೇ ಇತ್ತು. ಹಾಗಾದರೆ ಈ ಅಕ್ಟೋಬರ್‌ನಲ್ಲಿ ಹೊಸದೇನಾಯಿತು ಅಂತ ಕೇಳಬೇಕಿತ್ತು. ಯಾರೂ ಕೇಳಲಿಲ್ಲ.

ಕೇಳುವ ಬದಲು ಕೊಂಡರು. ನಲ್ಲಿಗೆ ಸಿಕ್ಕಿಸುವ ಫಿಲ್ಟರ್ ಬಂತು. ಇಂಥ ಬಹಳಷ್ಟು ಫಿಲ್ಟರ್‌ಗಳು ಕ್ಲೋರಿನ್, ಕಸ ಹಿಡಿಯುತ್ತವೆ ಅಷ್ಟೇ. ಗಡಸುತನ ಹೋಗಬೇಕಾದರೆ ಆಗಾಗ ಉಪ್ಪು ಸುರಿಯುವ ಸಾಫ್ಟ್‌ನರ್ ಬೇಕು, ಅದು ಅಂಗೈ ಅಗಲದ ಡಬ್ಬಿಯಲ್ಲಿ ಆಗುವ ಕೆಲಸ ಅಲ್ಲ. ಆಮೇಲೆ ಶ್ಯಾಂಪೂ ಬದಲಾಯಿತು, ಎರಡು ಸಲ. ಊರಿಂದ ಗಾಣದ ಕೊಬ್ಬರಿ ಎಣ್ಣೆಗೆ ದಾಸವಾಳ, ಗರುಗದ ಸೊಪ್ಪು ಹಾಕಿ ಕಾಯಿಸಿದ ಎಣ್ಣೆ ಬಂತು. ವಾರಕ್ಕೆ ನಾಲ್ಕು ರಾತ್ರಿ ತಲೆಗೆ ಅದ್ದಿಕೊಂಡು ಮಲಗುವುದು, ಬೆಳಗ್ಗೆ ಹಾಗೇ ಆಫೀಸಿಗೆ. ಅತ್ತೆಯೊಬ್ಬರು "ತಿರುಪತಿಗೆ ಮುಡಿ ಕೊಟ್ಬಿಡು, ಮತ್ತೆ ದಟ್ಟವಾಗಿ ಬರುತ್ತೆ" ಅಂದರು. ಬೋಳಿಸಿದರೆ ಕೂದಲು ದಟ್ಟವಾಗುವುದಿಲ್ಲ. ತುದಿ ಮೊಂಡಾಗಿ ಬೆಳೆಯುವುದರಿಂದ ಹಾಗೆ ಅನ್ನಿಸುತ್ತದೆ. ಮುಡಿ ಕೊಡುವುದು ಭಕ್ತಿಗೆ ಸರಿ, ಚಿಕಿತ್ಸೆಗೆ ಅಲ್ಲ.

ಒಂದು ಹೇರ್ ಕ್ಲಿನಿಕ್‌ಗೂ ಹೋಗಿ ಬಂದಿದ್ದಳು. ಹೆಸರು ಬೇಡ. ಅಲ್ಲಿ ನೆತ್ತಿಗೆ ಕ್ಯಾಮೆರಾ ಹಿಡಿದು ದೊಡ್ಡ ಪರದೆಯಲ್ಲಿ ತೋರಿಸಿದರಂತೆ. ಯಾರ ನೆತ್ತಿಯನ್ನಾದರೂ ಅಷ್ಟು ದೊಡ್ಡದು ಮಾಡಿದರೆ ಕೊಯ್ಲು ಮುಗಿದ ಗದ್ದೆಯ ಹಾಗೇ ಕಾಣುತ್ತದೆ. ಆರು ಸಲ ಪಿಆರ್‌ಪಿ ಮಾಡಬೇಕು, 48 ಸಾವಿರ, ಇವತ್ತೇ ಕಟ್ಟಿದರೆ 36 ಅಂದರು. ಪಿಆರ್‌ಪಿ ಅಂದರೆ ನಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ಗಿರ್ರನೆ ತಿರುಗಿಸಿ, ಪ್ಲೇಟ್‌ಲೆಟ್ ಜಾಸ್ತಿ ಇರುವ ಭಾಗವನ್ನು ನೆತ್ತಿಗೆ ಚುಚ್ಚುವುದು. ವಂಶವಾಹಿಯಾಗಿ ಬರುವ ಕೂದಲು ತೆಳುವಾಗುವಿಕೆಗೆ ಅದನ್ನು ಬಳಸುತ್ತಾರೆ. ಇವಳಿಗಿರುವುದು ಅದೇನಾ ಅಂತ ಅಲ್ಲಿ ಯಾರೂ ನೋಡಲಿಲ್ಲ. ಪುಣ್ಯಕ್ಕೆ ಅವಳ ಖಾತೆಯಲ್ಲಿ ಅಷ್ಟು ದುಡ್ಡಿರಲಿಲ್ಲ.

ಇಲ್ಲದ ಥೈರಾಯ್ಡ್

ನವೆಂಬರ್ ಮೊದಲ ವಾರ ಪುಟ್ಟಿ ತಾನೇ ಆನ್‌ಲೈನಲ್ಲಿ ರಕ್ತಪರೀಕ್ಷೆಯ ಪ್ಯಾಕೇಜ್ ಬುಕ್ ಮಾಡಿದಳು. ಹುಡುಗ ಪಿಜಿಗೇ ಬಂದು ರಕ್ತ ತೆಗೆದುಕೊಂಡು ಹೋದ. ಸಂಜೆ ರಿಪೋರ್ಟ್ ಬಂತು. ಟಿಎಸ್‌ಎಚ್ 0.14. ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನ್ ಅದು, ಗ್ರಂಥಿಯ ಕೆಲಸ ಅತಿಯಾದರೆ ಅದು ಇಳಿಯುತ್ತದೆ. ಸಾಮಾನ್ಯವಾಗಿ 0.4ರಿಂದ 4ರೊಳಗೆ ಇರಬೇಕು. ಗ್ರಂಥಿ ತಾನೇ ತಯಾರಿಸುವ ಹಾರ್ಮೋನ್ ಫ್ರೀ ಟಿ4 2.1. ಆ ಲ್ಯಾಬಿನ ಮೇಲ್ಮಿತಿ 1.7. ಕಾಗದದ ಮೇಲೆ ಇದು ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುವ ಕಾಯಿಲೆ. ಪಿಜಿ ಹತ್ತಿರದ ಕ್ಲಿನಿಕ್ ಒಂದರಲ್ಲಿ ರಿಪೋರ್ಟ್ ನೋಡಿ ಥೈರಾಯ್ಡ್ ತಗ್ಗಿಸುವ ಮಾತ್ರೆ ಬರೆದುಕೊಟ್ಟರು. ಪುಟ್ಟಿ ಚೀಟಿಯ ಫೋಟೋ ನನಗೆ ಕಳಿಸಿದಳು. ನಾನೂ ನೋಡಿ, "ಸದ್ಯ, ಕಾರಣ ಸಿಕ್ತಲ್ಲ" ಅಂತ ಅಕ್ಕನಿಗೆ ಫೋನ್ ಮಾಡಿ ಸಮಾಧಾನ ಹೇಳಿಬಿಟ್ಟೆ. ಥೈರಾಯ್ಡ್ ಏರಿದರೂ ಇಳಿದರೂ ಕೂದಲು ಉದುರುತ್ತದೆ, ಅಲ್ವಾ? ಲೆಕ್ಕ ಸರಿಹೋಯಿತು ಅಂದುಕೊಂಡೆ.

ರಾತ್ರಿ ನಿದ್ದೆ ಬರಲಿಲ್ಲ. ಏನೋ ಸರಿ ಇಲ್ಲ. ಇಂಥ ರಿಪೋರ್ಟ್ ಬಂದವರನ್ನು ಲ್ಯಾಬ್‌ನಲ್ಲಿ ನೋಡಿದ್ದೇನೆ. ಕೈ ಚಾಚಿದರೆ ಬೆರಳು ನಡುಗುತ್ತವೆ. ಫ್ಯಾನ್ ಕೆಳಗೂ ಬೆವರುತ್ತಾರೆ. ಎದೆ ಹೊಡೆದುಕೊಳ್ಳುತ್ತದೆ. ಚೆನ್ನಾಗಿ ತಿಂದರೂ ತೂಕ ಇಳಿಯುತ್ತದೆ. ಬೆಳಗ್ಗೆ ಪುಟ್ಟಿಗೆ ಫೋನ್ ಮಾಡಿ ಒಂದೊಂದೇ ಕೇಳಿದೆ. ಯಾವುದೂ ಇಲ್ಲ. ನಾಡಿ ಎಣಿಸು ಅಂದೆ. 74.

"ಬೇರೆ ಏನಾದ್ರೂ ಮಾತ್ರೆ ನುಂಗ್ತಿದೀಯಾ?"

"ಇಲ್ಲ ಚಿಕ್ಕಮ್ಮ."

"ಏನೂ ಇಲ್ವಾ?"

"ಏನೂ ಇಲ್ಲ. ಬಯೋಟಿನ್ ತಗೋತಿದೀನಿ, ಅಷ್ಟೇ. ಅದು ಮಾತ್ರೆ ಅಲ್ಲ, ವಿಟಮಿನ್ನು."

ಫೋನ್ ಹಿಡಿದುಕೊಂಡೇ ಹಣೆ ಚಚ್ಚಿಕೊಂಡೆ. ಲ್ಯಾಬ್‌ನಲ್ಲಿ ಕೆಲಸ ಮಾಡುವ ನಾನು ಇದನ್ನು ಮೊದಲೇ ಕೇಳಬೇಕಿತ್ತು. ಡಬ್ಬಿ ಓದಿಸಿದೆ. 10,000 ಮೈಕ್ರೋಗ್ರಾಂ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಸುಮಾರು 30 ಮೈಕ್ರೋಗ್ರಾಂ, ಅದು ಊಟದಲ್ಲೇ ಸಿಗುತ್ತದೆ. ಇವಳು ಮುನ್ನೂರು ಪಟ್ಟಿಗೂ ಜಾಸ್ತಿ ನುಂಗುತ್ತಿದ್ದಳು. ರಕ್ತ ಕೊಟ್ಟ ದಿನವೂ ಎರಡು ಗಂಟೆ ಮೊದಲು ನುಂಗಿದ್ದಳು.

ಬಯೋಟಿನ್ ಅವಳ ಥೈರಾಯ್ಡನ್ನು ಕೆಡಿಸಿರಲಿಲ್ಲ, ಪರೀಕ್ಷೆಯನ್ನು ಕೆಡಿಸಿತ್ತು. ಹಾರ್ಮೋನ್ ಅಳೆಯುವ ಅನೇಕ ಕಿಟ್‌ಗಳಲ್ಲಿ ಬಯೋಟಿನ್ನನ್ನೇ ಒಂದು ಗೋಂದಿನ ಹಾಗೆ ಬಳಸುತ್ತಾರೆ. ಸ್ಟ್ರೆಪ್ಟಾವಿಡಿನ್ ಅನ್ನುವ ಪ್ರೋಟೀನ್ ಆ ಗೋಂದನ್ನು ಗಟ್ಟಿಯಾಗಿ ಹಿಡಿಯುತ್ತದೆ. ರಕ್ತದಲ್ಲೇ ಬಯೋಟಿನ್ ತುಂಬಿ ತುಳುಕುತ್ತಿದ್ದರೆ ಆ ಜಾಗಗಳನ್ನೆಲ್ಲ ಅದೇ ಆಕ್ರಮಿಸುತ್ತದೆ. ಬಸ್ಸಿನ ಸೀಟಿಗೆ ಮೊದಲೇ ಟವೆಲ್ ಹಾಕಿಬಿಟ್ಟ ಹಾಗೆ. ಯಂತ್ರ ಹಾರ್ಮೋನ್ ಎಷ್ಟಿದೆ ಅಂತ ಲೆಕ್ಕ ಹಾಕುವುದು ಕಿಟ್‌ನಿಂದ ಬರುವ ಬೆಳಕು ನೋಡಿ. ಸೀಟು ತುಂಬಿದಾಗ ಆ ಬೆಳಕು ಕಮ್ಮಿಯಾಗುತ್ತದೆ. ಟಿಎಸ್‌ಎಚ್ ಕಿಟ್‌ನಲ್ಲಿ ಬೆಳಕು ಕಮ್ಮಿಯಾದರೆ ಹಾರ್ಮೋನ್ ಕಮ್ಮಿ ಅಂತ ಅರ್ಥ. ಟಿ4 ಕಿಟ್ ಉಲ್ಟಾ, ಬೆಳಕು ಕಮ್ಮಿಯಾದರೆ ಹಾರ್ಮೋನ್ ಜಾಸ್ತಿ ಅಂತ ಅರ್ಥ. ಒಂದೇ ತಪ್ಪು ಎರಡು ಕಡೆ ಎರಡು ರೀತಿ ಕಂಡು, ಸೇರಿದಾಗ ಪಕ್ಕಾ ಕಾಯಿಲೆಯ ಹಾಗೇ ಕಾಣುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಎಲ್ಲ ಕಂಪನಿಗಳ ಕಿಟ್ಟೂ ಹೀಗಲ್ಲ. ಆದರೂ ಥೈರಾಯ್ಡ್ ಪರೀಕ್ಷೆಗೆ ಕಡೇಪಕ್ಷ ಎರಡು ದಿನ ಮೊದಲು ಬಯೋಟಿನ್ ನಿಲ್ಲಿಸಬೇಕು.

ಬಯೋಟಿನ್ ನಿಲ್ಲಿಸು, ಆ ಡಾಕ್ಟರಿಗೆ ಇದನ್ನು ತಿಳಿಸು, ಮರುಪರೀಕ್ಷೆ ಆಗುವ ತನಕ ಮಾತ್ರೆ ಶುರು ಮಾಡಬಹುದಾ ಅಂತ ಅವರನ್ನೇ ಕೇಳು ಅಂದೆ. ಕೇಳಿದಳು. ಕಾಯೋಣ ಅಂದರಂತೆ. ಹತ್ತು ದಿನ ಬಿಟ್ಟು ನಮ್ಮ ಲ್ಯಾಬ್‌ನಲ್ಲಿ ರಕ್ತ ಕೊಟ್ಟಳು. ಟಿಎಸ್‌ಎಚ್ 2.1. ಟಿ4 ಸರಿಯಾಗಿತ್ತು. ಆ ಮಾತ್ರೆ ಶುರು ಮಾಡಿದ್ದರೆ ಸರಿಯಾಗಿದ್ದ ಥೈರಾಯ್ಡ್ ನಿಜಕ್ಕೂ ತಗ್ಗುತ್ತಿತ್ತು, ಕೂದಲು ಇನ್ನೂ ಉದುರುತ್ತಿತ್ತು. ಅಂದಹಾಗೆ, ಬಯೋಟಿನ್ ಕೊರತೆ ಇಲ್ಲದವರಿಗೆ ಅದರಿಂದ ಕೂದಲು ಬೆಳೆಯುತ್ತದೆ ಅನ್ನುವುದಕ್ಕೆ ಒಳ್ಳೆ ಪುರಾವೆ ಇಲ್ಲ. ಕೊರತೆಯೇ ಅಪರೂಪ. ಹಸಿ ಮೊಟ್ಟೆಯ ಬಿಳಿಭಾಗವನ್ನು ದಿನಾ ಬಹಳ ಕಾಲ ಕುಡಿದರೆ ಬರಬಹುದು, ಅದರಲ್ಲಿರುವ ಅವಿಡಿನ್ ಬಯೋಟಿನ್ನನ್ನು ಹಿಡಿದಿಟ್ಟುಕೊಳ್ಳುತ್ತದೆ. ಪುಟ್ಟಿ ಮೊಟ್ಟೆ ಮುಟ್ಟುವವಳಲ್ಲ.

ಕವರಿನೊಳಗಿನ ಕೂದಲು

ಮರುಪರೀಕ್ಷೆಗೆ ಬಂದಾಗಲೇ ಅವಳು ಆ ಕವರ್ ಮೇಜಿನ ಮೇಲಿಟ್ಟದ್ದು. ಮರುದಿನ ಮೈಸೂರಿನ ಒಬ್ಬ ಚರ್ಮರೋಗ ವೈದ್ಯೆಯ ಹತ್ತಿರ ಕರೆದುಕೊಂಡು ಹೋದೆ. ಕೂದಲಿಗೂ ಚರ್ಮದ ಡಾಕ್ಟರೇ ಅಂತ ಪುಟ್ಟಿಗೆ ಗೊತ್ತಿರಲಿಲ್ಲ.

ಡಾಕ್ಟರ್ ಕವರ್ ನೋಡಿ ನಗಲಿಲ್ಲ. ಬಿಳಿ ಹಾಳೆ ಹಾಸಿ, ಕೂದಲು ಸುರಿದು, ಒಂದು ಹಿಡಿಯಷ್ಟನ್ನು ಎರಡು ಗುಡ್ಡೆ ಮಾಡಿದರು. ಒಂದು ಗುಡ್ಡೆಯ ಕೂದಲಿಗೆ ತುದಿಯಲ್ಲಿ ಚಿಕ್ಕ ಬಿಳಿ ಗುಂಡು ಇತ್ತು, ಬೆಂಕಿಕಡ್ಡಿ ತಲೆಯ ಹಾಗೆ. ಇನ್ನೊಂದರಲ್ಲಿ ಗುಂಡಿಲ್ಲ, ಗಿಡ್ಡ ತುಂಡುಗಳು. ಹತ್ತರಲ್ಲಿ ಎಂಟಕ್ಕೆ ಗುಂಡಿತ್ತು.

"ಬುಡ ಸಮೇತ ಬಂದಿದೆ ಡಾಕ್ಟ್ರೇ, ಇನ್ನು ಅಲ್ಲಿ ಬೆಳೆಯಲ್ಲ ಅಲ್ವಾ?" ಅಂದಳು ಪುಟ್ಟಿ. ದನಿ ಒದ್ದೆಯಾಗಿತ್ತು.

ಆ ಬಿಳಿ ಗುಂಡು ಬೇರಲ್ಲ. ಬೆಳೆಯುವುದು ನಿಲ್ಲಿಸಿ ವಿಶ್ರಾಂತಿಗೆ ಹೋದ ಕೂದಲಿನ ಒಣಗಿದ ತುದಿ ಅದು. ಬೇರಿನ ಗೂಡು ಚರ್ಮದ ಒಳಗೆ ಹಾಗೇ ಇರುತ್ತದೆ. ಗುಂಡಿಲ್ಲದ ಗಿಡ್ಡ ತುಂಡುಗಳು ಮಧ್ಯದಲ್ಲಿ ಮುರಿದವು. ಗಡಸು ನೀರು, ಒದ್ದೆ ತಲೆ ಬಾಚುವುದು, ಬಿಸಿ ಇಸ್ತ್ರಿಯಂತೆ ಒತ್ತುವ ಸ್ಟ್ರೈಟ್‌ನರ್ ಇವುಗಳ ಪಾಲು ಅಷ್ಟು. ಹತ್ತರಲ್ಲಿ ಎರಡು. ನೀರಿನ ಮೇಲಿನ ಆರೋಪ ಪೂರ್ತಿ ಸುಳ್ಳಲ್ಲ, ಆದರೆ ಮುಖ್ಯ ಆರೋಪಿ ಅದಲ್ಲ.

ಲೆಕ್ಕದಲ್ಲೂ ಒಂದು ತಿದ್ದುಪಡಿ ಮಾಡಿದರು. ತಲೆಯಲ್ಲಿ ಸುಮಾರು 1 ಲಕ್ಷ ಕೂದಲು ಇರುತ್ತವೆ. ದಿನಕ್ಕೆ 50ರಿಂದ 100 ಉದುರುವುದು ಎಲ್ಲರಿಗೂ ಇದ್ದದ್ದೇ. ಮೂರು ದಿನಕ್ಕೊಮ್ಮೆ ತಲೆಸ್ನಾನ ಮಾಡುವವರಿಗೆ ಮೂರು ದಿನದ್ದೂ ಒಟ್ಟಿಗೆ ಸಿಗುತ್ತದೆ. ಹಾಗಾಗಿ 200 ಕಂಡರೆ ಗಾಬರಿ ಬೇಡ. 430, ಅದರ ಮೇಲೆ ದಿಂಬಿನದು, ಬಾಚಣಿಗೆಯದು ಅಂದರೆ ಜಾಸ್ತಿಯೇ.

ಆಮೇಲೆ ನೆತ್ತಿಯ ಬೇರೆ ಬೇರೆ ಕಡೆ ಐವತ್ತರವತ್ತು ಕೂದಲಿನ ಎಳೆ ಹಿಡಿದು ಮೆಲ್ಲಗೆ ಎಳೆದರು. ಪ್ರತಿ ಸಲವೂ ಏಳೆಂಟು ಬಂದವು. ಮುಂದೆ, ಹಿಂದೆ, ಪಕ್ಕ, ಎಲ್ಲ ಕಡೆ ಒಂದೇ ಥರ. ಬೈತಲೆ ಅಗಲವಾಗಿರಲಿಲ್ಲ. ಭೂತಗಾಜಿನಂಥ ಡರ್ಮೋಸ್ಕೋಪ್ ಹಿಡಿದರೆ ಕೂದಲಿನ ದಪ್ಪ ಎಲ್ಲ ಒಂದೇ ಸಮ. ವಂಶವಾಹಿಯಾಗಿ ಬರುವ ತೊಂದರೆಯಲ್ಲಿ ಹೀಗಿರುವುದಿಲ್ಲ. ಹೆಂಗಸರಿಗೆ ನಡುನೆತ್ತಿಯಲ್ಲಿ ಬೈತಲೆ ಅಗಲವಾಗುತ್ತಾ ಹೋಗುತ್ತದೆ, ದಪ್ಪ ಕೂದಲ ನಡುವೆ ನೂಲಿನಂಥವು ಕಾಣುತ್ತವೆ. ನಾಣ್ಯದಷ್ಟು ಅಗಲ ಹುಳ ತಿಂದ ಹಾಗೆ ಬೋಳಾಗುವುದು ಬೇರೆ, ಅದು ಅಲೊಪೇಶಿಯಾ ಏರಿಯೇಟಾ. ಬಿಗಿಯಾಗಿ ಜಡೆ ಎಳೆದು ಕಟ್ಟಿ ಹಣೆಯಂಚು ಹಿಂದೆ ಸರಿಯುವುದು ಇನ್ನೊಂದು. ಪುಟ್ಟಿಗೆ ಇವು ಯಾವುದೂ ಇರಲಿಲ್ಲ.

ಆಗ ಡಾಕ್ಟರ್ ಕೇಳಿದರು. "ಜುಲೈನಲ್ಲಿ ಏನಾಯ್ತು?"

ಪುಟ್ಟಿ ನನ್ನ ಮುಖ ನೋಡಿದಳು. "ಡೆಂಗಿ ಆಗಿತ್ತು."

ಆ ವರ್ಷ ಕರ್ನಾಟಕದಲ್ಲಿ ಡೆಂಗಿ ಎಷ್ಟಿತ್ತು ಅಂತ ನೆನಪಿರಬಹುದು. ಸೆಪ್ಟೆಂಬರ್‌ನಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಎಂದೇ ಘೋಷಿಸಿತು. ಪುಟ್ಟಿಗೆ ಬಂದದ್ದು ಜುಲೈ ಮಧ್ಯದಲ್ಲಿ. ಐದು ದಿನ ಸುಡುವ ಜ್ವರ, ಪ್ಲೇಟ್‌ಲೆಟ್ 40 ಸಾವಿರಕ್ಕೆ ಇಳಿದು ಆಸ್ಪತ್ರೆ ಸೇರಿದ್ದು, ಎರಡು ವಾರ ಗಂಜಿ. ನಾಲ್ಕು ಕಿಲೋ ಇಳಿದಿದ್ದಳು. ಆಗಸ್ಟಿನಲ್ಲಿ ಆಫೀಸಿಗೆ ಹೋದಳು. ಜ್ವರ ಮುಗಿದ ಕಥೆ ಅಂತ ಎಲ್ಲರೂ ಮರೆತೆವು. ಕೂದಲು ಮರೆತಿರಲಿಲ್ಲ.

ತಲೆಯ ನೂರು ಕೂದಲಲ್ಲಿ 85–90 ಬೆಳೆಯುತ್ತಿರುತ್ತವೆ. ಒಂದೊಂದೂ ಎರಡರಿಂದ ಆರು ವರ್ಷ ಬೆಳೆಯುತ್ತದೆ. ಉಳಿದ ಹತ್ತು ಹದಿನೈದು ವಿಶ್ರಾಂತಿಯಲ್ಲಿರುತ್ತವೆ, ಸುಮಾರು ಮೂರು ತಿಂಗಳು. ಆಮೇಲೆ ಉದುರುತ್ತವೆ. ಜೋರು ಜ್ವರ, ಹೆರಿಗೆ, ಆಪರೇಷನ್, ಇದ್ದಕ್ಕಿದ್ದ ಹಾಗೆ ಊಟ ಬಿಟ್ಟು ತೂಕ ಇಳಿಸುವುದು, ಇಂಥ ಪೆಟ್ಟು ಬಿದ್ದಾಗ ಮೈ ತನ್ನ ಖರ್ಚು ಕಡಿಮೆ ಮಾಡುತ್ತದೆ. ಕೂದಲು ಬೆಳೆಸುವುದು ಮೊದಲು ನಿಲ್ಲುವ ಖರ್ಚು. ಬೆಳೆಯುತ್ತಿದ್ದ ಕೂದಲಲ್ಲಿ ದೊಡ್ಡ ಪಾಲು ಒಟ್ಟಿಗೇ ವಿಶ್ರಾಂತಿಗೆ ಹೋಗುತ್ತದೆ. ಅವತ್ತು ಏನೂ ಗೊತ್ತಾಗುವುದಿಲ್ಲ. ಎರಡು ಮೂರು ತಿಂಗಳಾದ ಮೇಲೆ ಎಲ್ಲ ಒಟ್ಟಿಗೆ ಉದುರುತ್ತವೆ. ಇದಕ್ಕೆ ಟೆಲೋಜನ್ ಎಫ್ಲುವಿಯಂ ಅನ್ನುತ್ತಾರೆ. ಆಲ್ಬರ್ಟ್ ಕ್ಲಿಗ್‌ಮನ್ ಎಂಬ ಅಮೆರಿಕದ ಚರ್ಮವೈದ್ಯ 1961ರಲ್ಲಿ ಇದಕ್ಕೆ ಈ ಹೆಸರು ಕೊಟ್ಟದ್ದು. ಬಾಣಂತಿಯರಿಗೆ ಮಗು ಮೂರು ತಿಂಗಳಾದಾಗ ಕೂದಲು ಉದುರುತ್ತದಲ್ಲ, ಅದೂ ಇದೇ. ನಮ್ಮ ಕಡೆ "ಮಗು ಮುಖ ನೋಡಿ ನಗೋಕೆ ಶುರು ಮಾಡಿದ್ರೆ ತಾಯಿ ಕೂದಲು ಉದುರುತ್ತೆ" ಅಂತ ಹೇಳುವ ಅಜ್ಜಿಯರಿದ್ದರು. ತಿಂಗಳ ಲೆಕ್ಕ ಸರಿಯಾಗಿಯೇ ಇತ್ತು, ಪಾಪ ಮಗುವಿನ ನಗುವಿಗೆ ದೂರು.

ಹಾಗಾಗಿ ಉದುರುವಿಕೆಯ ಕಾರಣ ಹುಡುಕುವವರು ಈ ವಾರದ ಶ್ಯಾಂಪೂ ನೋಡಬಾರದು, ಕ್ಯಾಲೆಂಡರಿನ ಮೂರು ಹಾಳೆ ಹಿಂದಕ್ಕೆ ಮಗುಚಬೇಕು ಅಂದರು ಡಾಕ್ಟರ್. ಮುಟ್ಟಿದರೆ ಬರುವ ಆ ಕೂದಲು ಜುಲೈನಲ್ಲೇ ಕೆಲಸ ಬಿಟ್ಟವು. ಈಗ ಕೆಳಗಿಂದ ಹೊಸದು ಮೇಲೆ ಬರುತ್ತಿದೆ, ಹಳೆಯದು ಜಾಗ ಖಾಲಿ ಮಾಡುತ್ತಿದೆ.

ಕಬ್ಬಿಣ, ಹೊಟ್ಟು, ಎಣ್ಣೆ

ಆದರೆ ಡಾಕ್ಟರ್ ಅಷ್ಟಕ್ಕೇ ಬಿಡಲಿಲ್ಲ. ಮುಟ್ಟಿನಲ್ಲಿ ರಕ್ತ ಎಷ್ಟು ದಿನ ಹೋಗುತ್ತದೆ ಅಂತ ಕೇಳಿದರು. ಏಳು ದಿನ, ಮೊದಲ ಮೂರು ದಿನ ಜೋರು. ಫೆರಿಟಿನ್ ಮಾಡಿಸಿ ಅಂದರು. ಫೆರಿಟಿನ್ ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ. ಹಿಮೋಗ್ಲೋಬಿನ್ ಕೈಯಲ್ಲಿರುವ ದುಡ್ಡಾದರೆ ಫೆರಿಟಿನ್ ಕಣಜದ ಕಾಳು. ಕಣಜ ಬರಿದಾದರೂ ಕೈಯಲ್ಲಿ ಸ್ವಲ್ಪ ಕಾಲ ದುಡ್ಡು ಆಡುತ್ತಿರುತ್ತದೆ. ಪುಟ್ಟಿಯ ಹಿಮೋಗ್ಲೋಬಿನ್ 11.6, ಇರಬೇಕಾದ 12ಕ್ಕಿಂತ ಸ್ವಲ್ಪ ಕಮ್ಮಿ. ಫೆರಿಟಿನ್ ಬರೀ 9. ಬಯೋಟಿನ್ ಇದ್ದಿದ್ದರೆ ಕೆಲವು ಕಿಟ್‌ಗಳಲ್ಲಿ ಇದೂ ಸುಳ್ಳೇ ಕಮ್ಮಿ ತೋರಿಸುತ್ತಿತ್ತು. ನಿಲ್ಲಿಸಿದ್ದರಿಂದ ಈ 9 ನಂಬಬಹುದಾದ 9. ಜ್ವರ ಇರುವಾಗ ಮಾಡಿಸಿದರೆ ಇನ್ನೊಂದು ಮೋಸ, ಆಗ ಫೆರಿಟಿನ್ ಸುಮ್ನೆ ಏರಿರುತ್ತದೆ.

"ದಿನಾ ರಾಗಿಮುದ್ದೆ ತಿಂದು ಬೆಳೆದವಳು, ಅದೆಂಗೆ ಕಬ್ಬಿಣ ಕಮ್ಮಿ ಆಗುತ್ತೆ?" ಅಂತ ಅಕ್ಕ ಜಗಳಕ್ಕೆ ಬಂದಳು. ರಾಗಿಯ ದೊಡ್ಡ ಹೆಸರು ಕ್ಯಾಲ್ಸಿಯಂಗೆ, ಕಬ್ಬಿಣಕ್ಕಲ್ಲ. ಕಾಳು ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದು ಕಮ್ಮಿ, ಊಟದ ಜೊತೆ ಕಾಫಿ ಟೀ ಕುಡಿದರೆ ಇನ್ನೂ ಕಮ್ಮಿ. ಪುಟ್ಟಿಯ ಪಿಜಿ ತಿಂಡಿ ಅಂದರೆ ಇಡ್ಲಿ ಒಂದು ಕೈಯಲ್ಲಿ, ಟೀ ಇನ್ನೊಂದು ಕೈಯಲ್ಲಿ. ಇವಳೊಬ್ಬಳದೇ ಕಥೆಯೂ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ.

ಕಬ್ಬಿಣದ ಮಾತ್ರೆ ದಿನ ಬಿಟ್ಟು ದಿನ ಕೊಟ್ಟರು. ದಿನಾ ನುಂಗಿದರೆ ಕರುಳು ಮರುದಿನ ಅಷ್ಟಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲವಂತೆ, ಹೊಟ್ಟೆಯೂ ಕೆಡುತ್ತದೆ. ಖಾಲಿ ಹೊಟ್ಟೆಗೆ, ನಿಂಬೆಹಣ್ಣಿನ ಪಾನಕದ ಜೊತೆ. ಆಮೇಲೆ ಒಂದು ಗಂಟೆ ಟೀ ಇಲ್ಲ. ಮಲ ಕಪ್ಪಗಾಗುತ್ತದೆ, ಹೆದರಬೇಡ ಅಂತ ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಜಾಸ್ತಿ ಹೋಗುವ ಮುಟ್ಟಿಗೆ ಸ್ತ್ರೀರೋಗ ವೈದ್ಯರ ಹತ್ತಿರ ಕಳಿಸಿದರು. ಕೂದಲು ಬೆಳೆಯಲಿ ಅಂತ ನೆತ್ತಿಗೆ ಹಚ್ಚುವ ಔಷಧ ಮಿನಾಕ್ಸಿಡಿಲ್ ಈಗ ಬೇಡ ಅಂದರು.

ತಲೆಯಲ್ಲಿ ಹೊಟ್ಟೂ ಇತ್ತು. ಅದು ಅಕ್ಕನ ಎಣ್ಣೆಯ ಕೊಡುಗೆ ಅಂದರೆ ಅಕ್ಕ ನನ್ನನ್ನು ಬಿಡುವುದಿಲ್ಲ, ಆದರೂ ಬರೆಯುತ್ತೇನೆ. ಮಲಸೀಜಿಯಾ ಅನ್ನುವ ಶಿಲೀಂಧ್ರ ಎಲ್ಲರ ನೆತ್ತಿಯಲ್ಲೂ ಇರುತ್ತದೆ. ಜಿಡ್ಡೇ ಅದರ ಊಟ. ಹೊಟ್ಟಿರುವ ತಲೆಗೆ ರಾತ್ರಿಯೆಲ್ಲ ಎಣ್ಣೆ ಬಿಟ್ಟರೆ ಅದಕ್ಕೆ ಹಬ್ಬದೂಟ ಹಾಕಿದ ಹಾಗೆ. "ತಲೆ ಒಣಗಿದೆ, ಅದಕ್ಕೇ ಹೊಟ್ಟು" ಅಂತ ನಾವು ಇನ್ನಷ್ಟು ಸುರಿಯುತ್ತೇವೆ. ಶಿಲೀಂಧ್ರ ತಗ್ಗಿಸುವ ಕೀಟೊಕೊನಜೋಲ್ 2% ಶ್ಯಾಂಪೂ ಕೊಟ್ಟರು. ವಾರಕ್ಕೆ ಎರಡು ಸಲ, ನಾಲ್ಕು ವಾರ. ಹಚ್ಚಿದ ತಕ್ಷಣ ತೊಳೆಯದೆ ಐದು ನಿಮಿಷ ಬಿಡಬೇಕು, ಇದನ್ನೇ ಹೆಚ್ಚಿನವರು ಮಾಡುವುದಿಲ್ಲ.

ಹಾಗಂತ ಎಣ್ಣೆ ದಂಡ ಅಂತಲ್ಲ. ಕೊಬ್ಬರಿ ಎಣ್ಣೆಯಲ್ಲಿ ಜಾಸ್ತಿ ಇರುವ ಲಾರಿಕ್ ಆಮ್ಲ ಕೂದಲ ಎಳೆಯ ಒಳಗೆ ಇಳಿಯುತ್ತದೆ, ತೊಳೆಯುವಾಗ ಪ್ರೋಟೀನ್ ಸೋರಿಹೋಗುವುದನ್ನು ತಡೆಯುತ್ತದೆ. ಮಿನರಲ್ ಎಣ್ಣೆಗೆ, ಸೂರ್ಯಕಾಂತಿ ಎಣ್ಣೆಗೆ ಆ ಗುಣ ಇಲ್ಲ. ಅಂದರೆ ತಿಪಟೂರಿನ ಎಣ್ಣೆ ನೆತ್ತಿಗಿಂತ ಕೂದಲ ಉದ್ದಕ್ಕೆ ಒಳ್ಳೆಯದು. ಕಡೆಗೆ ರಾಜಿಯಾಯಿತು: ಸ್ನಾನಕ್ಕೆ ಒಂದು ಗಂಟೆ ಮೊದಲು, ಕಿವಿಯಿಂದ ಕೆಳಗೆ ಮಾತ್ರ. ಅಕ್ಕ ಈಗಲೂ ನೆತ್ತಿಗೆ ಒಂದು ಚಮಚ ಕದ್ದು ಒತ್ತುತ್ತಾಳೆ ಅಂತ ನನ್ನ ಅನುಮಾನ.

ಆಮೇಲೆ

ಡಿಸೆಂಬರ್ ಕಷ್ಟದ ತಿಂಗಳು. ಏನೂ ಬದಲಾಗಲಿಲ್ಲ. ಪುಟ್ಟಿ ಎರಡು ಸಲ ಆ ಹೇರ್ ಕ್ಲಿನಿಕ್‌ನ ರಿಯಾಯಿತಿ ಮೆಸೇಜ್ ನನಗೆ ಕಳಿಸಿದಳು. ಎಣಿಸುವುದನ್ನು ದಿನಾ ಮಾಡಬೇಡ, ತಿಂಗಳಿಗೊಮ್ಮೆ ಸಾಕು ಅಂತ ಡಾಕ್ಟರ್ ಹೇಳಿದ್ದರು. ಅದನ್ನು ಪಾಲಿಸಿದಳು. ಗಂಡಿನ ಕಡೆಯವರು ಬಂದು ಹೋದರು. ಕೂದಲ ಮಾತೇ ಬರಲಿಲ್ಲ. ಹುಡುಗನಿಗೇ ಮುಂದೆ ಬೋಳಾಗುತ್ತಿತ್ತು.

ಸಂಕ್ರಾಂತಿ ಹೊತ್ತಿಗೆ ಒಂದು ಸ್ನಾನಕ್ಕೆ 260. ಫೆಬ್ರವರಿಯಲ್ಲಿ 170. ಆ ತಿಂಗಳು ಮತ್ತೆ ಫೆರಿಟಿನ್ ನೋಡಿದೆವು, 34. ಮಾತ್ರೆ ಇನ್ನೂ ಮೂರು ತಿಂಗಳು ಮುಂದುವರಿಸಿ ಅಂದರು. ಜಡೆ ಮಾತ್ರ ತೆಳ್ಳಗೇ ಇತ್ತು. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ನವೆಂಬರ್‌ನಲ್ಲಿ ಹುಟ್ಟಿದ ಎಳೆ ಜಡೆಗೆ ಸೇರಬೇಕಾದರೆ ಇನ್ನೆರಡು ವರ್ಷವಾದರೂ ಬೇಕು. ಪುಟ್ಟಿ ಕೂದಲನ್ನು ಭುಜದವರೆಗೆ ಕತ್ತರಿಸಿಕೊಂಡು ಬಂದಳು. ಅಕ್ಕ ಒಂದು ವಾರ ಮಾತಾಡಲಿಲ್ಲ.

2025ರ ಯುಗಾದಿಗೆ ಎಲ್ಲರೂ ತಿಪಟೂರಿನಲ್ಲಿ ಸೇರಿದ್ದೆವು. ಎಣ್ಣೆ ಸ್ನಾನ ಮುಗಿಸಿ ಪುಟ್ಟಿ ಜಗಲಿಯಲ್ಲಿ ತಲೆ ಒಣಗಿಸುತ್ತಿದ್ದಳು. ಹಣೆಯಂಚಿನಲ್ಲಿ, ಬೈತಲೆಯ ಉದ್ದಕ್ಕೆ, ಬೆರಳುದ್ದದ ಗಿಡ್ಡ ಕೂದಲು ಬಿಸಿಲಿಗೆ ನೆಟ್ಟಗೆ ನಿಂತಿದ್ದವು. ಬಾಚಿದರೂ ಕೂರುತ್ತಿರಲಿಲ್ಲ.

"ಚಿಕ್ಕಮ್ಮ, ಇವು ಮುಳ್ಳುಹಂದಿ ಥರ ನಿಂತ್ಕೊಂಡಿವೆಯಲ್ಲ. ಫೋಟೋದಲ್ಲಿ ಅಸಹ್ಯ ಕಾಣುತ್ತೆ. ಇದಕ್ಕೇನು ಹಚ್ಚೋದು?"

ಅಕ್ಕ ಒಳಗಿಂದಲೇ ಕೂಗಿದಳು. "ಎಣ್ಣೆ!"